ಕೊನೆಯ ನಾಲ್ಕು ನಿಮಿಷದ ಕೆಂಪಾಜಿ

ಕಪಿಲೆಯ ದಡದ ಆ ಆಶ್ರಮದಲ್ಲಿ ಧ್ಯಾನದ ಮಂಟಪಕ್ಕಿಂತ ಬಾಸ್ಕೆಟ್‌ಬಾಲ್ ಅಂಗಳವೇ ದೊಡ್ಡದು.

ಗುರು ನಿರಂಜನಮ್ಮ ಪ್ರಾಯದಲ್ಲಿ ಊರೂರು ತಿರುಗಿ ಆಡಿದವರು. ಮನಸ್ಸು ನಿಲ್ಲುತ್ತಿಲ್ಲ ಎಂದು ಬಂದವರ ಕೈಗೆ ಅವರು ಮೊದಲು ಕೊಡುತ್ತಿದ್ದದ್ದು ಚೆಂಡು. ಜಪಮಾಲೆ ಆಮೇಲೆ, ಕೇಳಿದರೆ.

ಚಳಿಗಾಲ ಬಂತೆಂದರೆ ಹೊಳೆಯುದ್ದದ ಆರು ಆಶ್ರಮಗಳ ಹೆಣ್ಣುಮಕ್ಕಳು ಅಲ್ಲಿ ಒಂದು ತಿಂಗಳು ಆಡುತ್ತಾರೆ. ಮೊಣಕಾಲು ಸವೆದ ಶಿಷ್ಯರಿಗೆ ಬೇರೆಯೇ ಆಟ. ಒಬ್ಬೊಬ್ಬರೂ ಆರು ತಂಡಗಳಿಂದ ಐವರನ್ನು ಹೆಕ್ಕಿ ತಮ್ಮದೊಂದು ಕಲ್ಪನೆಯ ತಂಡ ಕಟ್ಟಬೇಕು. ಆ ಐವರು ಅಂಗಳದಲ್ಲಿ ನಿಜವಾಗಿ ಮಾಡಿದ್ದೇ ಅಂಕ.

ಬುಟ್ಟಿಗೆ ಹಾಕಿದರೆ ಎರಡು. ಬುಟ್ಟಿಗೆ ಬೀಳದೆ ವಾಪಸಾದ ಚೆಂಡನ್ನು ಹಿಡಿದರೆ ಒಂದು. ಇನ್ನೊಬ್ಬಳಿಗೆ ಕೊಟ್ಟು ಅವಳು ಹಾಕಿದರೆ ಕೊಟ್ಟವಳಿಗೂ ಒಂದು.

ಆ ವರ್ಷ ನಿರಂಜನಮ್ಮ ಒಂದು ಮಾತು ಸೇರಿಸಿದರು. ಯಾರ ಕಲ್ಪನೆಯ ತಂಡ ಗೆಲ್ಲುತ್ತದೋ ಅವರೇ ಮುಂದಿನ ವರ್ಷದಿಂದ ಆಶ್ರಮದ ನಿಜವಾದ ತಂಡವನ್ನು ಆರಿಸಲಿ, ತಮಗಿನ್ನು ಸಾಕು ಎಂದರು.

ಶಂಭುಲಿಂಗನಿಗೆ ಅಂದಿನಿಂದ ಊಟ ರುಚಿಸಲಿಲ್ಲ. ಒಂದು ಕಾಲದಲ್ಲಿ ಗಣಿತದ ಮೇಷ್ಟ್ರು. ಮನೆ, ಕೆಲಸ, ಕಾಫಿ ಎಲ್ಲ ಬಿಟ್ಟು ಬಂದಿದ್ದ. ಆರಿಸುವವನಾಗಬೇಕೆಂಬ ಈ ಒಂದು ಆಸೆ ಮಾತ್ರ ಬಿಟ್ಟಿರಲಿಲ್ಲ. ಪ್ರತಿ ಸಲ ಹಿಂದಿನ ವರ್ಷದ ಅಂಕ ಕೂಡಿಸಿ, ದೊಡ್ಡ ಹೆಸರುಗಳನ್ನೇ ಆರಿಸಿ, ಪ್ರತಿ ಸಲ ಸೋತಿದ್ದ.

ಅವನು ಗುರುವಿನ ಬಳಿ ಹೋದ.

"ಅಮ್ಮ, ಈಗಾಗಲೇ ಮೇಲಿರೋರು ಎಲ್ಲರಿಗೂ ಕಾಣ್ತಾರೆ. ಇನ್ನು ಮೇಲೆ ಬರೋರನ್ನ ಕಾಣೋದು ಹೇಗೆ?"

"ಚೆಂಡನ್ನ ನೋಡಬೇಡ."

"ಮತ್ತೇನು ನೋಡಲಿ?"

ನಿರಂಜನಮ್ಮ ಅಷ್ಟು ಹೊತ್ತಿಗೆ ಎದ್ದು ಹೋಗಿದ್ದರು.

ಒಂದು ವಾರ ಅವನು ಅಭ್ಯಾಸದ ಆಟಗಳನ್ನು ಚೆಂಡು ನೋಡದೆ ನೋಡಿದ. ತಟ್ಟೆಯಲ್ಲಿ ಹೋಳಿಗೆಯಿಟ್ಟುಕೊಂಡು ಪಲ್ಯ ತಿಂದಷ್ಟು ಕಷ್ಟ. ಆರನೆಯ ದಿನ ಕೆಂಪಾಜಿ ಕಂಡಳು.

ಕೆಂಪಾಜಿ ಆಶ್ರಮದ ಅಡಿಗೆಮನೆಯವಳು. ಎತ್ತರದ ಪ್ರಫುಲ್ಲ, ಆರು ಆಶ್ರಮಕ್ಕೂ ಗೊತ್ತಿದ್ದ ಪ್ರಫುಲ್ಲ, ದಣಿದು ಕೂತಾಗ ಅವಳ ಜಾಗದಲ್ಲಿ ಕೊನೆಯ ನಾಲ್ಕು ನಿಮಿಷ ಇವಳು ಆಡುತ್ತಿದ್ದಳು. ಕೆಂಪಾಜಿ ಓಡಿದ್ದನ್ನೇ ಯಾರೂ ಕಂಡಿರಲಿಲ್ಲ. ಓಡಬೇಕಾಗಿರಲಿಲ್ಲ. ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿ ಅವಳು ಮೊದಲೇ ನಿಂತಿರುತ್ತಿದ್ದಳು.

ಶಂಭುಲಿಂಗ ಭಾಗಿಸಿ ನೋಡಿದ. ನಿಮಿಷಕ್ಕಿಷ್ಟು ಎಂದು ಹಿಡಿದರೆ ಪ್ರಫುಲ್ಲಳಿಗಿಂತ ಕೆಂಪಾಜಿಯೇ ಒಂದು ಕೈ ಮೇಲು.

ಹೆಸರು ಹೇಳುವ ದಿನ ಎಲ್ಲರೂ ಹೊಂಗೆಯ ನೆರಳಲ್ಲಿ ಸೇರಿದರು. ಹಳೆಯ ಶಿಷ್ಯ ಉಗ್ರಪ್ಪನ ಸರದಿ ಮೊದಲು. ಅವನು ಪ್ರಫುಲ್ಲಳನ್ನು ಹೆಸರಿಸಿ ಮೀಸೆ ತೀಡಿಕೊಂಡ. ಶಂಭುಲಿಂಗ ಕೆಂಪಾಜಿ ಎಂದಾಗ ಮರದ ಮೇಲಿನ ಕಾಗೆಯೂ ಒಂದು ಗಳಿಗೆ ಸುಮ್ಮನಾಯಿತು.

"ಏನು ಮೇಷ್ಟ್ರೇ," ಎಂದ ಉಗ್ರಪ್ಪ, "ಅಂಕ ಬೇಕಾ, ಸಾರು ಬೇಕಾ?"

ಎಲ್ಲರೂ ನಕ್ಕರು. ಸಾರೂ ಚೆನ್ನಾಗೇ ಮಾಡ್ತಾಳೆ ಎಂದು ಯಾರೋ ಸಮಾಧಾನ ಹೇಳಿದರು.

ಆಟ ಶುರುವಾಯಿತು. ಕೆಂಪಾಜಿಗೆ ಸಿಕ್ಕಿದ್ದು ಅದೇ ನಾಲ್ಕು ನಿಮಿಷ. ನಿಮಿಷಕ್ಕೆ ಎಷ್ಟೇ ಬಂದರೂ ನಾಲ್ಕರಿಂದ ಗುಣಿಸಿದರೆ ಎಷ್ಟಾದೀತು? ಮೂರು ಪಂದ್ಯ ಮುಗಿಯುವಷ್ಟರಲ್ಲಿ ಶಂಭುಲಿಂಗ ಎಲ್ಲರಿಗಿಂತ ಹಿಂದಿದ್ದ.

ಪ್ರಫುಲ್ಲ ಒಂದೆರಡು ಪಂದ್ಯ ಕೂತರೆ ಸಾಕಿತ್ತು. ಅವನು ಹಾಗೆಂದು ಹಾರೈಸಲಿಲ್ಲ. ಬರೀ ಲೆಕ್ಕ ಹಾಕಿದ. ಲೆಕ್ಕ ಮನಸ್ಸಿನೊಳಗೆ ತನ್ನಷ್ಟಕ್ಕೆ ಪ್ರಾರ್ಥನೆಯಾಯಿತು.

ನಾಲ್ಕನೆಯ ಪಂದ್ಯದಲ್ಲಿ ಪ್ರಫುಲ್ಲ ಮೇಲೆ ಹಾರಿದವಳು ಎದುರಾಳಿಯ ಪಾದದ ಮೇಲೆ ಇಳಿದಳು. ಕಾಲು ಹೊರಳಿತು.

ಅಂಗಳ ಸ್ತಬ್ಧವಾಯಿತು. ಆ ಮೌನದಲ್ಲಿ ಒಂದೇ ಒಂದು ಚಪ್ಪಾಳೆ ಕೇಳಿತು.

ಶಂಭುಲಿಂಗ ತನ್ನ ಎರಡು ಕೈಗಳನ್ನು ನೋಡಿಕೊಂಡ. ಅವು ಇನ್ನೂ ಕೂಡಿಕೊಂಡೇ ಇದ್ದವು.

ನಿರಂಜನಮ್ಮ ಅವನ ಕಡೆ ತಿರುಗಲಿಲ್ಲ. ಕೆಂಪಾಜಿಯನ್ನು ಅಂಗಳಕ್ಕೆ ಇಳಿಸಿದರು. ಕೆಂಪಾಜಿ ಆ ದಿನ ವಾಪಸಾದ ಚೆಂಡುಗಳನ್ನು ಹಿತ್ತಲಲ್ಲಿ ಬದನೆಕಾಯಿ ಕಿತ್ತಷ್ಟು ಸಲೀಸಾಗಿ ಕಿತ್ತಳು. ಹದಿನೇಳು. ಶಂಭುಲಿಂಗ ಒಂದೇ ದಿನದಲ್ಲಿ ಎರಡನೆಯ ಸ್ಥಾನಕ್ಕೆ ಬಂದ.

ಪೇಟೆಯ ವೈದ್ಯರು ಮೂಳೆಗೇನೂ ಆಗಿಲ್ಲ, ಹತ್ತು ದಿನ ಪಟ್ಟಿ ಕಟ್ಟಿ ಎಂದರು. ಸಂಜೆ ನಿರಂಜನಮ್ಮ ಬಟ್ಟೆಯ ಪಟ್ಟಿಯನ್ನು ಶಂಭುಲಿಂಗನ ಕೈಗೆ ಕೊಟ್ಟರು.

"ದಿನಾ ಬೆಳಿಗ್ಗೆ ನೀನೇ ಕಟ್ಟು."

ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಮೊದಲ ದಿನ ಅವನು ತಲೆಯೆತ್ತದೆ ಕಟ್ಟಿದ. ಎರಡನೆಯ ದಿನವೂ. ಮೂರನೆಯ ದಿನ ಪ್ರಫುಲ್ಲಳೇ ಕೇಳಿದಳು.

"ಚಪ್ಪಾಳೆ ನಿಮ್ಮದಲ್ವಾ ಮೇಷ್ಟ್ರೇ?"

"ಹೌದು ತಾಯಿ."

"ನನ್ನ ಕಾಲಿಗಾ, ಅವಳಿಗಾ?"

"ನನಗೆ," ಎಂದ ಶಂಭುಲಿಂಗ. "ನನಗೆ ನಾನೇ ತಟ್ಟಿಕೊಂಡೆ."

ಪ್ರಫುಲ್ಲ ಹೇಳಿದಳು: ಎರಡು ವರ್ಷದಿಂದ ಅಭ್ಯಾಸದಲ್ಲಿ ಕೆಂಪಾಜಿಯ ಎದುರು ಒಂದೇ ಒಂದು ಚೆಂಡು ತನಗೆ ದಕ್ಕಿಲ್ಲ. ಅದು ಗೊತ್ತಿದ್ದದ್ದು ತನಗೊಬ್ಬಳಿಗೇ. ಯಾರಿಗೂ ಹೇಳಲಿಲ್ಲ. ಹೇಳಿದರೆ ತನ್ನ ಜಾಗ ಹೋಗುತ್ತಿತ್ತು.

"ನೀವು ಒಂದು ಸಲ ತಟ್ಟಿದಿರಿ," ಎಂದಳು. "ನಾನು ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟಿ."

ದಿನಗಳು ಹೋದವು. ಆಶ್ರಮದ ತಂಡ ಅಂತಿಮ ಪಂದ್ಯ ಸೇರಿತು. ಕೆಂಪಾಜಿಯ ದೆಸೆಯಿಂದ ಶಂಭುಲಿಂಗ ಈಗ ಉಗ್ರಪ್ಪನಿಗಿಂತ ಒಂಬತ್ತು ಅಂಕ ಮುಂದಿದ್ದ. ಅವನನ್ನು ಕಂಡರೆ ಶಿಷ್ಯರು ಆಗಲೇ ಎದ್ದು ದಾರಿ ಬಿಡುತ್ತಿದ್ದರು.

ಅಂತಿಮ ಪಂದ್ಯದ ಹಿಂದಿನ ದಿನ ಬೆಳಿಗ್ಗೆ ನಿರಂಜನಮ್ಮ ಅವನನ್ನು ಕರೆಸಿದರು.

"ಕಾಲು ನೋಡ್ತಿರೋನು ನೀನು. ನಾಳೆ ಪ್ರಫುಲ್ಲ ಆಡಬಹುದಾ? ನೀನು ಹೇಳಿದ ಹಾಗೆ."

ಇನ್ನೂ ಸ್ವಲ್ಪ ಬಾವು ಇದೆ ಅಂದರೆ ಮುಗಿಯಿತು. ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ನಿರಂಜನಮ್ಮನ ಮುಖದಲ್ಲಿ ಏನೂ ಬರೆದಿರಲಿಲ್ಲ.

"ವಾಸಿಯಾಗಿದೆ," ಎಂದ ಶಂಭುಲಿಂಗ. "ನಿನ್ನೆಯೇ."

"ಹಾಗಾದರೆ ಕೆಂಪಾಜಿ ಕೂತುಕೊಳ್ಳಲಿ."

"ಬೇಡಮ್ಮ. ಇಬ್ಬರನ್ನೂ ಇಳಿಸಿ."

"ಇಬ್ಬರದ್ದೂ ಒಂದೇ ಜಾಗ."

"ಅಲ್ಲ. ಪ್ರಫುಲ್ಲಳಿಗೆ ಒಂದು ಜಾಗ ಇದೆ. ಕೆಂಪಾಜಿಗೆ ಜಾಗವೇ ಬೇಡ, ಎಲ್ಲಿ ಬಿಟ್ಟರೂ ಚೆಂಡು ಬೀಳೋ ಕಡೆ ಹೋಗಿ ನಿಂತಿರ್ತಾಳೆ. ನೀವು ಅವಳನ್ನ ಪ್ರಫುಲ್ಲಳ ನೆರಳು ಅಂದುಕೊಂಡಿದ್ದೀರಿ."

ಗುರುವಿಗೆ ಯಾರೂ ಹಾಗೆ ಹೇಳಿರಲಿಲ್ಲ.

ನಿರಂಜನಮ್ಮ ಅಂಗಳದ ಕಡೆ ನೋಡಿದರು.

"ಹೌದು," ಎಂದರು. "ಎರಡು ವರ್ಷ ಕೂರಿಸಿದ್ದು ನಾನೇ."

ಮರುದಿನ ಇಬ್ಬರೂ ಇಳಿದರು. ಎದುರಾಳಿಗಳು ಪ್ರಫುಲ್ಲಳನ್ನು ಅಡ್ಡಗಟ್ಟಿದರೆ ಕೆಂಪಾಜಿಗೆ ದಾರಿ ಸಿಕ್ಕಿತು, ಕೆಂಪಾಜಿಯನ್ನು ಅಡ್ಡಗಟ್ಟಿದರೆ ಪ್ರಫುಲ್ಲಳಿಗೆ. ಪ್ರಫುಲ್ಲ ಬುಟ್ಟಿಯ ಮೇಲೆ ಬುಟ್ಟಿ ಹಾಕಿದಳು, ಉಗ್ರಪ್ಪನ ಅಂಕ ಏರಿತು. ಒಂಬತ್ತು ಅಂಕದ ಅಂತರ ಕರಗಿತು. ಕೊನೆಗೆ ಉಗ್ರಪ್ಪನೇ ಒಂದು ಅಂಕ ಮುಂದಾದ.

ಆಟ ಮುಗಿಯಲು ಕೆಲವೇ ಕ್ಷಣ. ಆಶ್ರಮದ ತಂಡ ಒಂದು ಅಂಕ ಹಿಂದೆ. ಯಾರದೋ ಎಸೆತ ಗುರಿ ತಪ್ಪಿತು. ಚೆಂಡು ಬೀಳುವಲ್ಲಿ ಕೆಂಪಾಜಿ ಇದ್ದಳು. ಹಿಡಿದ ಆ ಒಂದು ಅಂಕಕ್ಕೆ ಶಂಭುಲಿಂಗ ಉಗ್ರಪ್ಪನ ಸಮಕ್ಕೆ ಬಂದ.

ಅವಳೇ ಹಾಕಿದ್ದರೆ ಶಂಭುಲಿಂಗ ಗೆಲ್ಲುತ್ತಿದ್ದ. ಆದರೆ ಅವಳ ಮೇಲೆ ಇಬ್ಬರು ಮುಗಿಬಿದ್ದಿದ್ದರು. ಆಚೆ ಪ್ರಫುಲ್ಲ ಒಬ್ಬಳೇ ಇದ್ದಳು.

ಪ್ರಫುಲ್ಲಗೆ ಕೊಡು ಎಂದು ಯಾರೋ ಗಂಟಲು ಹರಿಯುವಂತೆ ಕೂಗಿದರು. ಉಗ್ರಪ್ಪ ತಿರುಗಿ ನೋಡಿದ. ಕೂಗಿದವನು ಶಂಭುಲಿಂಗ.

ಕೆಂಪಾಜಿ ಕೊಟ್ಟಳು. ಪ್ರಫುಲ್ಲ ಹಾಕಿದಳು. ಆಶ್ರಮ ಗೆದ್ದಿತು.

ಹಾಕಿದವಳಿಗೆ ಎರಡು, ಕೊಟ್ಟವಳಿಗೆ ಒಂದು; ಉಗ್ರಪ್ಪನೂ ಗೆದ್ದ, ಒಂದೇ ಅಂಕದಿಂದ. ನಿರಂಜನಮ್ಮ ಎಲ್ಲರ ಮುಂದೆ ಮಾತು ಉಳಿಸಿಕೊಂಡರು. ಉಗ್ರಪ್ಪ ಎರಡೂ ಕೈ ಜೋಡಿಸಿ, ಮೇಷ್ಟ್ರನ್ನು ಕೇಳದೆ ಯಾರನ್ನೂ ಆರಿಸುವುದಿಲ್ಲ ಎಂದ. ಮೀಸೆ ಮುಟ್ಟಲಿಲ್ಲ.

ಜನ ಚದುರಿದ ಮೇಲೆ ಶಂಭುಲಿಂಗ ಸ್ನಾನದ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಅಂಗಳದಲ್ಲಿ ಕೆಂಪಾಜಿಯ ಸುತ್ತ ಐದು ಆಶ್ರಮದ ಹುಡುಗಿಯರು ನಿಂತು, ಚೆಂಡು ಬೀಳುವ ಜಾಗ ಮೊದಲೇ ಹೇಗೆ ತಿಳಿಯುತ್ತದೆ ಎಂದು ಕೇಳುತ್ತಿದ್ದರು. ಹಾಲು ಉಕ್ಕೋದು ಹೇಗೆ ತಿಳಿಯುತ್ತೋ ಹಾಗೆ ಎನ್ನುತ್ತಿದ್ದಳು ಅವಳು. ಪ್ರಫುಲ್ಲ ಅವಳ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಳು.

ಹಿಂದೆ ಹೆಜ್ಜೆ ಕೇಳಿತು. ನಿರಂಜನಮ್ಮ.

"ಅಮ್ಮ," ಎಂದ ಶಂಭುಲಿಂಗ, "ಹೆಮ್ಮೆ ಬಿಡಬೇಕು ಅಂತ ಇಲ್ಲಿಗೆ ಬಂದೆ. ಇವತ್ತು ಸೋತಿದ್ದೀನಿ. ಆದರೂ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತು ಬರೋ ಹಾಗಿದೆ. ಏನು ಮಾಡಲಿ?"

"ಯಾರಿಗಾಗಿ?"

ಅವನು ಅಂಗಳದ ಕಡೆ ಬೆರಳು ತೋರಿಸಿದ.

ನಿರಂಜನಮ್ಮ ನಿಂತು ನೋಡಿದರು. ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಒಂದು ಮೆಟ್ಟಿಲು ಇಳಿದರು.

"ಸ್ವಲ್ಪ ಸರಿ," ಎಂದರು. "ನಾನೂ ಕೂತ್ಕೋತೀನಿ."