ಹನ್ನೊಂದು ವರ್ಷದ ಗಡ್ಡಧಾರಿ

ಗಡ್ಡ ನರೆತ ಶಿಷ್ಯನೊಬ್ಬ ಸ್ಕ್ಯಾನ್‌ಗೆಂದು ಹೋದರೆ, ಆಸ್ಪತ್ರೆಯವರು ಹನ್ನೊಂದು ವರ್ಷದ ಮಗುವಿಗಾಗುವಷ್ಟೇ ಮದ್ದು ಅಳೆದಿಟ್ಟಿದ್ದರು. ಯಾಕಿರಬಹುದು, ಊಹಿಸಿ ನೋಡೋಣ.

ಆಗಲಿಲ್ಲವೇ? ಹೇಳಿಬಿಡೋಣ, ಬಚ್ಚಿಟ್ಟುಕೊಳ್ಳುವ ಸಂಗತಿಯಲ್ಲ.

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿ. ದೀಕ್ಷೆಯಾದ ದಿನವೇ ಹುಟ್ಟಿದ ದಿನ. ಅದರ ಹಿಂದಿನದೆಲ್ಲ ಹೊಳೆಗೆ ಬಿಟ್ಟ ಹಾಗೆ. ನಮ್ಮ ಶಿಷ್ಯ ಚಿದ್ಘನ, ಆಸ್ಪತ್ರೆಯ ಫಾರ್ಮಿನಲ್ಲೂ ಹನ್ನೊಂದು ವರ್ಷದ ಹಿಂದಿನ ದೀಕ್ಷೆಯ ತಾರೀಖನ್ನೇ ಬರೆದುಕೊಟ್ಟಿದ್ದ.

ಸ್ಕ್ಯಾನ್ ಮಾಡುವ ಶಶಿರೇಖಾ ಫಾರ್ಮನ್ನೊಮ್ಮೆ, ಗಡ್ಡವನ್ನೊಮ್ಮೆ ನೋಡಿದರು. "ಏನು ಸ್ವಾಮಿ, ಐದನೇ ಕ್ಲಾಸಿಗೇ ಇಷ್ಟು ಗಡ್ಡವೇ?" ಎಂದು ನಕ್ಕು, ಮದ್ದನ್ನು ಸರಿಯಾಗಿ ಅಳೆಸಿ ತಂದರು.

ಚಿದ್ಘನನಿಗೆ ನಗು ಬರಲಿಲ್ಲ. ಅಪಘಾತದಲ್ಲಿ ತೀರಿಕೊಂಡ ಯಾರೋ ಪುಣ್ಯಾತ್ಮನ ಲಿವರನ್ನು ಅವನಿಗೆ ಕಸಿ ಮಾಡಿ ನಲವತ್ತು ದಿನವಾಗಿತ್ತು. ಈಗ ಕಣ್ಣು ಮತ್ತೆ ಹಳದಿಗೆ ತಿರುಗಿತ್ತು. ಪಿತ್ತರಸ ಕರುಳಿಗೆ ಇಳಿಯದಿದ್ದರೆ ಮತ್ತೆ ಹೊಟ್ಟೆ ಕುಯ್ಯಬೇಕು, ಈ ಸಲ ದೇಹ ತಡೆದೀತೆಂದು ಹೇಳಲಾಗದು ಎಂದಿದ್ದರು ಡಾಕ್ಟರು.

"ಗುರುಗಳೇ, ಆ ಪುಣ್ಯಾತ್ಮನ ಲಿವರು ನನ್ನನ್ನು ಒಪ್ಪದಿದ್ದರೆ?"

ಗುರು ನಿಜಬೋಧರು ದೂರದ ಕುರ್ಚಿಯಲ್ಲಿ ಕೂತಿದ್ದರು.

"ಅಲ್ಲಾಡದೆ ಮಲಗಿ ನೋಡು."

ಲಿವರು ಹೀರಿಕೊಂಡು ಪಿತ್ತರಸದ ಜೊತೆ ಕರುಳಿಗೆ ಬಿಡಬೇಕಾದ ಮದ್ದು ನರಕ್ಕೆ ಇಳಿಯಿತು. ಕ್ಯಾಮೆರಾ ಹೊಟ್ಟೆಯ ಮೇಲೆ ಬಂದು ಸುಮ್ಮನೆ ನಿಂತಿತು. ಫೋಟೋದವರ ಹಾಗೆ ಅದು ತಾನಾಗಿ ಬೆಳಕು ಚೆಲ್ಲುವುದಿಲ್ಲವಂತೆ. ಮದ್ದು ಒಳಗಿಂದ ಸೂಸುವ ಕಿರಣಕ್ಕಾಗಿ ಕಾಯುತ್ತದಂತೆ, ಅಷ್ಟೇ.

ಪರದೆಯ ಮೇಲೆ ಮೊದಲು ಕತ್ತಲೆ. ಆಮೇಲೆ ಒಂದು ಚುಕ್ಕಿ, ನಾಲ್ಕು ಚುಕ್ಕಿ, ಸಂಜೆಯ ಆಕಾಶದ ಹಾಗೆ. ಹತ್ತು ನಿಮಿಷಕ್ಕೆಲ್ಲ ಲಿವರು ಇಡಿಯಾಗಿ ಬೆಳಗಿತು.

"ತಗೊಂಡಿತು, ಗುರುಗಳೇ."

"ತಗೊಂಡಿತು, ಸರಿ. ಕೊಡಬೇಕಲ್ಲ?" ಎಂದರು ಶಶಿರೇಖಾ.

ಅರ್ಧ ಗಂಟೆ ಕಳೆಯಿತು. ಚಿದ್ಘನನಿಗೆ ಜಪವೂ ಮರೆತುಹೋಯಿತು. ಆಗ ಆ ಬೆಳಕಿನ ಅಡಿಯಿಂದ ಒಂದು ಎಳೆ ಹೊರಟಿತು. ಹೊಳೆ ಹುಟ್ಟುವ ಕಡೆ ನೀರು ಜಿನುಗುತ್ತದಲ್ಲ, ಹಾಗೆ. ಬಾಗಿತು, ಇಳಿಯಿತು, ಕರುಳಿನಲ್ಲಿ ಹರಡಿತು. ಪಡೆದಿದ್ದನ್ನೆಲ್ಲ ಕೆಳಗೆ ಸುರಿಯುತ್ತ ಲಿವರು ತಾನು ಮಸುಕಾಗುತ್ತ ಬಂತು.

ದಾರಿ ತೆರೆದೇ ಇದೆ, ಕುಯ್ಯುವುದು ಬೇಡ, ಔಷಧಿ ಬದಲಿಸಿದರೆ ಸಾಕು ಎಂದು ಡಾಕ್ಟರು ಬಂದು ಹೇಳಿದಾಗ ಚಿದ್ಘನ ಕುರ್ಚಿಯ ಕಡೆ ತಿರುಗಿದ. ಗುರುಗಳು ಕುರ್ಚಿಯಲ್ಲಿರಲಿಲ್ಲ. ಎದ್ದು ನಿಂತು ಪರದೆಗೆ ಕೈಮುಗಿದಿದ್ದರು.

ಹೊರಡುವಾಗ ಶಶಿರೇಖಾ ಫಾರ್ಮು ಚಾಚಿದರು. ಚಿದ್ಘನ ತಾಯಿ ಹೆತ್ತ ತಾರೀಖನ್ನು ಬರೆದು ತಿದ್ದಿಕೊಟ್ಟ.

ಹೊಳೆ ಕಾಣಿಸಿದಾಗ ಕೇಳಿದ: "ಅದು ಆಸ್ಪತ್ರೆಗಾಯಿತು. ಆಶ್ರಮದ ಪುಸ್ತಕದಲ್ಲಿ ಇನ್ನು ನನ್ನ ಹುಟ್ಟಿದ ದಿನ ಯಾವುದು, ಗುರುಗಳೇ? ಕಸಿಯಾದ ದಿನವೇ?"

"ಅದು ಆ ಪುಣ್ಯಾತ್ಮನದು. ಅವನು ಕೊಟ್ಟ ದಿನ."

"ಹಾಗಾದರೆ ನನ್ನದು?"

"ನಿನ್ನೊಳಗಿನದು ಕೊಟ್ಟದ್ದನ್ನು ಇವತ್ತು ನಾನು ಕಣ್ಣಾರೆ ಕಂಡೆ. ಬರೆದುಕೋ: ಎರಡು ಸಾವಿರದ ಹದಿನೆಂಟು, ಜುಲೈ ಹದಿನೇಳು, ಮಂಗಳವಾರ."