ಬಯಲ ಕಡೆ

ಹೊಳೆದಂಡೆಯ ಮಠದಲ್ಲಿ ಮಡಿವಾಳಜ್ಜ ಎಂಬ ಗುರು, ನಿರುಪಾದಿ ಎಂಬ ಶಿಷ್ಯ. ಶಿಷ್ಯ ಪಟ್ಟಣದ ಪಾಠಶಾಲೆಯಲ್ಲಿ ಕಲಿತವನು. ಓದಿದ್ದು ಹೊಟ್ಟೆ ತುಂಬ ಇತ್ತು. ಅದನ್ನು ನಾಲ್ಕು ಜನರ ಮುಂದೆ ಹೇಳಿ ಸೈ ಅನ್ನಿಸಿಕೊಳ್ಳುವ ಹಸಿವು ಮಾತ್ರ ಇಂಗಿರಲಿಲ್ಲ.

ಬಹಳ ಕಾಡಿದ ಮೇಲೆ ಗುರುಗಳು ಒಪ್ಪಿದರು. ಸಂಜೆ ಊರವರು ಬರುತ್ತಾರೆ, ಶೂನ್ಯದ ಬಗ್ಗೆ ಮಾತಾಡು ಎಂದರು. ಬರೀ ಶೂನ್ಯವೆಂದರೆ ಜನ ಸೊನ್ನೆ ಅಂದುಕೊಂಡಾರು, ಅವರ ಮಾತಿನಲ್ಲೇ ಹೇಳು ಎಂದೂ ಎಚ್ಚರಿಸಿದರು.

ನಿರುಪಾದಿ ಯೋಚಿಸಿ ‘ಬಯಲು’ ಎಂಬ ಮಾತನ್ನು ಆರಿಸಿಕೊಂಡ. ಶರಣರೂ ಶೂನ್ಯವನ್ನು ಬಯಲೆಂದೇ ಕರೆದರಲ್ಲ.

ಸಂಜೆ ಮಠದ ಕಟ್ಟೆಯ ತುಂಬ ಜನ ಸೇರಿದರು. ಅವನು ಕಣ್ಣು ಮುಚ್ಚಿ, ದನಿ ಏರಿಸಿ ಹೇಳಿದ:

“ಬಂಧುಗಳೇ, ನಿತ್ಯವೂ ನಸುಕಿನಲ್ಲೇ ಎದ್ದು ಬಯಲ ಕಡೆ ಹೋಗಬೇಕು. ಒಳಗಿರುವುದನ್ನೆಲ್ಲ ಅಲ್ಲೇ ಬಿಟ್ಟು ಹಗುರಾಗಿ ಮರಳಬೇಕು.”

ಮುಂದೆ ಕುಳಿತಿದ್ದ ಗೌರಕ್ಕ ವಿನಯದಿಂದಲೇ ಕೇಳಿದಳು:

“ತಂಬಿಗಿ ಒಯ್ಯಬೇಕೇನ್ರಿ, ಬ್ಯಾಡೇನ್ರಿ?”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುಗಳೂ ನಕ್ಕರು. ನಿರುಪಾದಿಗೆ ಹೆಚ್ಚು ನೋವಾದದ್ದು ಅದಕ್ಕೇ.

ಎಲ್ಲರೂ ಹೋದ ಮೇಲೆ ಗುರುಗಳು ಹೊಳೆಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ನಿರುಪಾದಿ ಬಟ್ಟೆಯ ಗಂಟು ಹೊತ್ತು ಪಕ್ಕಕ್ಕೆ ಬಂದು ನಿಂತ. ಅವನ ಕಣ್ಣು ತುಂಬಿತ್ತು. ಈ ಊರಲ್ಲಿ ಇನ್ನು ಮುಖ ತೋರಿಸಲಾರೆ, ಮಠ ಬಿಟ್ಟು ಹೋಗುತ್ತೇನೆ ಎಂದ.

“ಅಂಥಾದ್ದೇನಾತೋ?”

“ಎಲ್ಲಾ ಬಯಲಾತ್ರಿ, ಅಜ್ಜಾರ.”

“ಎಲ್ಲಾ ಅಂದ್ರ?”

“ಶೂನ್ಯ ಅಂದ್ರ ಏನಂತ ನನಗ ಗೊತ್ತಿಲ್ರಿ. ಗಿಳಿಪಾಠ ಒಪ್ಪಸತಿದ್ದೆ. ದೊಡ್ಡ ಪಂಡಿತ ಅನ್ನಿಸ್ಕೋಬೇಕಂತ ಆಸೆ ಇತ್ತು. ಮಂದಿ ಮುಂದ ಎಲ್ಲಾ ಬಯಲಾತು.”

ಗುರುಗಳು ಸರಿದು ಜಾಗ ಕೊಟ್ಟರು. ಶಿಷ್ಯ ಗಂಟು ಇಳಿಸಿ ಕುಳಿತು, ತಾನೂ ಕಾಲು ಇಳಿಬಿಟ್ಟ. ನೀರು ತಂಪಾಗಿತ್ತು.

“ಬಯಲಾಗದ್ದು ಇನ್ನೇನರ ಒಳಗ ಉಳದೈತೇನು?”

ನಿರುಪಾದಿ ಒಳಗೆಲ್ಲ ತಡಕಾಡಿದ. ಮುಚ್ಚಿಡುವಂಥದ್ದು ಒಂದೂ ಸಿಗಲಿಲ್ಲ. ತನ್ನ ಪ್ರವಚನ ನೆನಪಾಗಿ ಅವನಿಗೇ ನಗು ಬಂತು. ಎಷ್ಟೋ ದಿನದ ಮೇಲೆ ಅವನಿಗೆ ಹಾಯೆನಿಸಿತು.

“ಏನೂ ಇಲ್ರಿ, ಅಜ್ಜಾರ.”

“ಹಂಗಾದ್ರ ನಾಳೆನೂ ನೀನ ಮಾತಾಡು.”