ಏತ ಎತ್ತೋ ಎಲ್ಲಯ್ಯ, ಊರಿನ ಉಪ್ಪಿನ ಹರಕೆ

ಬಾ ಪುಟ್ಟಿ, ಉಂಡಾಯ್ತಲ್ಲ, ಬಿಸಿಲು ಇಳಿಯೋವರೆಗೂ ಅಜ್ಜಿ ಪಕ್ಕ ಮಲಕ್ಕೋ. ಏನು, ನನ್ನ ಎದೆಗೆ ಕಿವಿ ಇಟ್ಟರೆ ಒಳಗೆ ಯಾರೋ ಡಬ್ ಡಬ್ ಅಂತಾರಾ? ಇದಾನೆ ಒಬ್ಬ. ಅವನ ಕತೆನೇ ಹೇಳ್ತೀನಿ, ಊಂ ಅನ್ಬೇಕು ಮತ್ತೆ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಒಂದೂರಲ್ಲಿ ಎಲ್ಲಯ್ಯ ಅಂತ ಏತ ಎತ್ತೋನು ಇದ್ನಂತೆ. ಬಾವಿಯಿಂದ ನೀರೆತ್ತಿ ಕಾಲುವೆಗೆ ನೂಕೋದೇ ಅವನ ಕೆಲಸ, ಹಬ್ಬಕ್ಕೂ ರಜೆ ಇಲ್ಲ. ಆ ನೀರು ದಾಸವಾಳದ ಹಾಗೆ ಕೆಂಪಗಿತ್ತಂತೆ.

ಆ ಊರಿನವರಿಗೆ ಒಂದು ಪದ್ಧತಿ. ಮಗೂಗೆ ಜ್ವರ ಬಿಟ್ಟರೂ, ಹಸು ಕರು ಹಾಕಿದರೂ, ಕಾಲುವೆಗೆ ಒಂದು ಹಿಡಿ ಉಪ್ಪು ಹಾಕಿ ಹರಕೆ ತೀರಿಸೋದು. ಉಪ್ಪು ಬಿದ್ದಷ್ಟೂ ಸುತ್ತಲಿನ ನೀರನ್ನೆಲ್ಲ ಎಳ್ಕೊಂಡು ಕಾಲುವೆ ಉಬ್ಬುತ್ತಿತ್ತಂತೆ. ಜನಕ್ಕೆ ಖುಷಿಯೋ ಖುಷಿ, ಗಂಗಮ್ಮ ಒಲಿದಳು ಅಂತ ಇನ್ನೊಂದು ಹಿಡಿ ಹಾಕೋರು. ತುಂಬಿದ ಕಾಲುವೆಗೇ ಮತ್ತೆ ನೀರು ನೂಕಿ ನೂಕಿ ಎಲ್ಲಯ್ಯನ ರಟ್ಟೆ ಸೋತು, ಏದುಸಿರು ಬಂತಂತೆ. ಉಪ್ಪು ತಿಂದೋನು ನೀರು ಕುಡೀಬೇಕು ಅಂತಾರೆ, ಇಲ್ಲಿ ಉಪ್ಪು ಹಾಕಿದ್ದು ಊರು, ನೀರು ಕುಡಿದಿದ್ದು ಎಲ್ಲಯ್ಯ. ಅಪ್ಪ ಬಿದ್ದುಹೋದರೆ ಊರೇ ಹೋಯ್ತು ಅಂತ ಅವನ ಮೂರು ಮಕ್ಕಳಿಗೆ ದಿಗಿಲು ಹತ್ತಿತಂತೆ.

ಹಿರೀಮಗ ಏನ್ಮಾಡಿದ, ದಡ ಒಡೀಬಾರದು ಅಂತ ಕಾಲುವೆ ದಡಕ್ಕೆಲ್ಲ ಗಾರೆ ಮೆತ್ತಿದ. ಮೆತ್ತಗಿದ್ದ ಮಣ್ಣಾದರೆ ನೀರು ಬಂದಾಗ ಒಂಚೂರು ಜರುಗಿ ಜಾಗ ಬಿಡ್ತಿತ್ತು, ಗಾರೆ ಬಿಡುತ್ತಾ? ಅಪ್ಪನಿಗೆ ಇನ್ನೂ ಭಾರವಾಯ್ತು. ಆಮೇಲೆ ನಡುವಿನ ಮಗ, ಅಪ್ಪಾ ಒಂದು ಗಳಿಗೆ ಕೂತ್ಕೋ ಅಂದ. ಪಾಪ, ಕೂತ. ಅಷ್ಟಕ್ಕೇ ನೀರು ನಿಂತು, ಮಾಳಿಗೆ ಮೇಲಿದ್ದ ಊರ ಯಜಮಾನರಿಗೆ ಕಣ್ಣು ಕತ್ತಲೆ ಬಂತು, ತಗ್ಗಿನ ಬೀದಿಯವರಿಗೆ ಕಾಲು ಜೋಮು ಹಿಡೀತು, ಏಳಪ್ಪಾ ಏಳು ಅಂತ ಎಲ್ಲರೂ ಕೂಗಿಕೊಂಡ್ರಂತೆ.

ಆಮೇಲೆ ಕಿರೀಮಗಳು ಕೆಂಚಿ, ನಿನ್ನಷ್ಟೇ ಉದ್ದ, ನಿನ್ನಷ್ಟೇ ಹಟ, ಹರಿಗೋಲಲ್ಲಿ ಕೂತು ನೀರಿನ ಜೊತೆಗೇ ಹೊರಟಳಂತೆ. ದೊಡ್ಡ ಕಾಲುವೆ ಆಯ್ತು, ಸಣ್ಣ ಕಾಲುವೆ ಆಯ್ತು, ಆಮೇಲೆ ಕೂದಲೆಳೆಯಷ್ಟು ಸಣ್ಣದು, ಹರಿಗೋಲೂ ಅವಳೂ ಸಾಸಿವೆಕಾಳಿಗಿಂತ ಸಣ್ಣಗಾಗಿ ತೇಲಿದರಂತೆ. ಮನೆಮನೆ ಬಾಗಿಲಲ್ಲೂ ನೀರು ಅನ್ನ ಕೊಟ್ಟು, ಉಸಿರು ಕೊಟ್ಟು, ಕೊಳೆ ಇಸ್ಕೊಂಡು, ಕಪ್ಪಿಟ್ಟು ಮೆಲ್ಲಗೆ ವಾಪಸ್ ಬಂತು. ಎಲ್ಲಯ್ಯ ಅದನ್ನ ಎತ್ತಿ ಗಾಳಿಮನೆಗೆ ಕಳಿಸಿದ. ಅಲ್ಲಿ ಒಬ್ಬ ಮುದುಕಿ ಕಾವಲಿದ್ಲಂತೆ, ಕುಲುಮೆಯಲ್ಲಿ ಗಾಳಿ ಊದೋ ಅಂಥ ಎರಡು ದೊಡ್ಡ ತಿದಿಗಳು ಉಬ್ಬುತ್ತಾ ಇಳೀತಾ ಇದ್ವಂತೆ, ಆ ಗಾಳಿ ಕುಡಿದು ನೀರು ಮತ್ತೆ ಕೆಂಪಾಗಿ, ಮತ್ತೆ ಎಲ್ಲಯ್ಯನ ಹತ್ರ, ಮತ್ತೆ ಊರಿಗೆ. ಕೆಂಚಿ ದಡಕ್ಕೆ ಅಂಗೈ ಇಟ್ಟರೆ, ಅಪ್ಪ ನೂಕಿದಾಗ ಒಂದು ದೊಡ್ಡ ಒತ್ತು, ಬಿಟ್ಟಾಗ ಒಂದು ಸಣ್ಣ ಒತ್ತು. ಎರಡೂ ಇರಬೇಕಾದ್ದಕ್ಕಿಂತ ಜಾಸ್ತಿನೇ. ನೀರು ನೆಕ್ಕಿ ನೋಡಿದ್ಲು, ಥೂ, ಉಪ್ಪು!

ಆಮೇಲೆ ಅವಳು ಊರಿಗೆ ಬಂದು, ಇನ್ಮೇಲೆ ಹರಕೆಗೆ ಹೂವು ಹಾಕಿ, ಉಪ್ಪು ಬೇಡ ಅಂದ್ಲಂತೆ. ಗಾಳಿಮನೆ ಮುದುಕಿ ಕೊಟ್ಟ ಗುಳಿಗೇನ ದಿನಾ ಬೆಳಿಗ್ಗೆ ಕಾಲುವೆಗೆ ಹಾಕಿ ಅಂದ್ಲಂತೆ. ನೀರು ಇಳೀತು, ಎಲ್ಲಯ್ಯ ಹಾಡು ಹೇಳ್ಕೊಂಡು ಏತ ಎತ್ತಿದ. ಎಲ್ಲ ಸರಿಹೋಯ್ತಲ್ಲ, ಇನ್ಯಾಕೆ ಗುಳಿಗೆ ಅಂತ ಊರವರು ಬಿಟ್ಟೇಬಿಟ್ರಂತೆ. ನೋವಿಲ್ಲ, ಸದ್ದಿಲ್ಲ, ನೀರು ಒಂದೊಂದೇ ಬೆರಳು ಏರ್ತಾ...

ಯಾಕೇ ಎದ್ದು ಕೂತೆ? ಏನಂದೆ? ನಾನೂ ನಾಲ್ಕು ದಿನದಿಂದ ಬಿಪಿ ಮಾತ್ರೆ ನುಂಗಿಲ್ವಾ? ಉಪ್ಪಿನಕಾಯಿ ಭರಣಿ ಹಿಂದೆ ಬಚ್ಚಿಟ್ಟಿದ್ದು ನೋಡಿದ್ಯಾ? ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ಅಯ್ಯೋ, ಅಳ್ತೀಯಾ? ಎಲ್ಲಯ್ಯ ಬಿದ್ದುಹೋಗ್ತಾನೆ ಅಂತಾನಾ? ಬೇಡ ಕಂದ, ಅಳಬೇಡ. ಹೋಗು, ಆ ಮಾತ್ರೇನೂ ತಾ, ಒಂದು ಲೋಟ ನೀರೂ ತಾ. ನೋಡು, ನುಂಗಿದೆ. ಬಾಯಿ ತೆಗೀಲಾ?

ಮಲಕ್ಕೋ ಈಗ. ಊರವರು ಮತ್ತೆ ದಿನಾ ಗುಳಿಗೆ ಹಾಕಿದ್ರಂತೆ, ಕೆಂಚಿ ದಡದ ಮೇಲೆ ಅಂಗೈ ಇಟ್ಟು ಕಾಯ್ತಿದ್ಲಂತೆ, ಎಲ್ಲಯ್ಯ ಸುಖವಾಗಿದ್ನಂತೆ. ಕತೆ ಮುಗೀತು, ಅವನ ಕೆಲಸ ಮುಗೀಲಿಲ್ಲ, ಕೇಳಿಸ್ತಾ? ಪುಟ್ಟೀ? ಊಂ ಅನ್ನಲಿಲ್ಲ, ನಿದ್ದೆ ಹೋಗಿಬಿಟ್ಲು ನನ್ನ ಬಂಗಾರ. ಅಂಗೈ ಮಾತ್ರ ನನ್ನ ಮಣಿಕಟ್ಟಿನ ಮೇಲೇ ಇಟ್ಟಿದಾಳೆ.